ಲೈನ್‌ಮನ್ ದುರಗಪ್ಪ ಮತ್ತು ನಾನು ಬಿಚ್ಚಿದ ತಂತಿ

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ವಿದ್ಯುತ್ ಮಂಡಲದ ಪಾಠವನ್ನು ನಿದ್ದೆಗಣ್ಣಿನಲ್ಲೂ ಒಪ್ಪಿಸಬಲ್ಲೆ. ಆದ್ದರಿಂದ ಮನೆಯ ಫೋನನ್ನು ಕೆಡಿಸುವುದು ಹೇಗೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೋದ ವರ್ಷ ಮಾಘದ ಒಂದು ಬೆಳಿಗ್ಗೆ, ಮಾವನವರು ಸ್ನಾನಕ್ಕೆ ಹೋಗಿದ್ದಾಗ, ಕಪಾಟಿನ ಹಿಂದಿನ ಗೋಡೆಗಿದ್ದ ಸಣ್ಣ ಡಬ್ಬಿಯ ಮುಚ್ಚಳ ತೆಗೆದು ಎರಡು ತಂತಿಗಳಲ್ಲಿ ಒಂದನ್ನು ಬಿಚ್ಚಿದೆ. ಬಿಚ್ಚಿದ ತುದಿಗೆ ಕಪ್ಪು ಟೇಪು ಸುತ್ತಿ, ಮಡಚಿ ಒಳಗಿಟ್ಟು, ಮುಚ್ಚಳ ಹಾಕಿದೆ. ನಾಲ್ಕು ನಿಮಿಷದ ಕೆಲಸ. ಈಗ ಬರೆಯಲು ಕೂತಿರುವುದು ಅದನ್ನು ಪತ್ತೆ ಹಚ್ಚಿದ ಲೈನ್‌ಮನ್ ದುರಗಪ್ಪನವರ ಬಗ್ಗೆ. ಆದರೆ ನನ್ನ ಪ್ರತಾಪವನ್ನು ಮೊದಲು ಹೇಳದೆ ಅವರ ಕಥೆ ಹೇಳಲು ಬರುವುದಿಲ್ಲ.

ಮಾವ ಪ್ರಭುಲಿಂಗಪ್ಪನವರಿಗೆ ಎಂಬತ್ತನಾಲ್ಕು. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ನಡೆಸಿ, ಅದನ್ನು ನನ್ನ ಗಂಡ ಸಿದ್ದಲಿಂಗೇಶರ ಕೈಗೆ ಕೊಟ್ಟು ಮನೆಯಲ್ಲಿ ಕೂತವರು. ಅವರ ಅಂಗಡಿಯಲ್ಲಿ ನಲವತ್ತು ವರ್ಷ ತೂಕ ಮಾಡಿದವರು ಮಹಮ್ಮದ್ ಹನೀಫ್. ಹಗಲು ಒಬ್ಬರು ಸಾಹುಕಾರರು, ಇನ್ನೊಬ್ಬರು ತೂಕದವರು. ಬಾಗಿಲು ಹಾಕಿದ ಮೇಲೆ ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತು ಊರಿನ ಮಂದಿಯನ್ನೆಲ್ಲ ಆಡಿಕೊಳ್ಳುವ ಗೆಳೆಯರು. ಹನೀಫ್ ಸಾಹೇಬರು ಹೆಂಡತಿ ಸಕೀನಾಬಿಯ ತವರಾದ ರಾಣೆಬೆನ್ನೂರಿಗೆ ಹೋಗಿ ನೆಲೆಸಿ ಹನ್ನೊಂದು ವರ್ಷವಾಯಿತು. ಅಂದಿನಿಂದ ದಿನಾ ಬೆಳಿಗ್ಗೆ ಹತ್ತಕ್ಕೆ ಅವರ ಫೋನು ಬರುತ್ತಿತ್ತು. ಕಡ್ಡಿ ಮೆಣಸಿನಕಾಯಿಯ ದರ ಎಷ್ಟು, ಡಬ್ಬಿ ಕಾಯಿಯ ದರ ಎಷ್ಟು, ಇಬ್ಬರಲ್ಲಿ ಯಾರ ಮೊಣಕಾಲು ಹೆಚ್ಚು ನೋಯುತ್ತದೆ, ಇಷ್ಟೇ ಮಾತು. ಮಾವನವರ ಕಿವಿ ಮಂದ. ಮೊಬೈಲು ಹಿಡಿದರೆ ಅರ್ಧ ಮಾತು ಕೇಳುವುದಿಲ್ಲ. ಹಳೆಯ ಫೋನಿನ ದಪ್ಪ ರಿಸೀವರ್ ಮಾತ್ರ ಅವರಿಗೆ ಸರಿ ಹೊಂದುತ್ತಿತ್ತು. ಅದಕ್ಕೇ ನಮ್ಮ ಮನೆಯಲ್ಲಿ ಆ ಫೋನು ಉಳಿದಿತ್ತು.

ಹೋದ ವರ್ಷ ಮಾವನವರಿಗೆ ಹುಬ್ಬಳ್ಳಿಯಲ್ಲಿ ಎದೆಗೆ ಸ್ಟೆಂಟ್ ಹಾಕಿಸಿ ಕರೆತಂದೆವು. ಬಂದ ಎಂಟನೆಯ ದಿನ ಸಂಜೆ ನನ್ನ ಮೊಬೈಲಿಗೆ ಸಕೀನಾಬಿಯ ಫೋನು. ಹನೀಫ್ ಸಾಹೇಬರ ಎರಡೂ ಮೂತ್ರಪಿಂಡ ಕೈಕೊಟ್ಟಿವೆ, ಆಸ್ಪತ್ರೆಯವರು ಮನೆಗೆ ಕರೆದೊಯ್ಯಿರಿ ಎಂದಿದ್ದಾರೆ, ಇನ್ನು ಕೆಲವೇ ದಿನ ಎಂದು ಅತ್ತಳು. ಧ್ವನಿಯೂ ಇಳಿದುಹೋಗಿದೆಯಂತೆ. ಗಂಡನೂ ನಾನೂ ಅಡುಗೆಮನೆಯಲ್ಲಿ ನಿಂತು ಪಿಸುಗುಟ್ಟಿದೆವು. ಒಂದು ತಿಂಗಳು ಯಾವ ಆಘಾತವೂ ಆಗಬಾರದು ಎಂದು ಡಾಕ್ಟರು ಹೇಳಿದ್ದರು. ಮರುದಿನ ಹತ್ತಕ್ಕೆ ಆ ಇಳಿದ ಧ್ವನಿ ಕೇಳಿದರೆ ಮಾವನವರಿಗೆ ಎಲ್ಲ ಗೊತ್ತಾಗುತ್ತದೆ. ಅವರು ಹೊರಟೇ ಹೋಗುತ್ತಾರೆ, ದಾರಿಯಲ್ಲಿ ಏನಾದರೂ ಆದರೆ ಯಾರು ಹೊಣೆ? ತಂತಿ ಬಿಚ್ಚುವ ಉಪಾಯ ನನ್ನದು, ಬಿಚ್ಚಿದ ಕೈಯೂ ನನ್ನದೇ. ನಮ್ಮ ಫೋನು ಕೆಟ್ಟಿದೆ ಎಂದು ಸಕೀನಾಬಿಗೂ ಹೇಳಿಬಿಟ್ಟೆ.

ಆರು ದಿನ ಸುಳ್ಳಿನ ಮೇಲೆ ಸುಳ್ಳು ಪೋಣಿಸಿದೆ. ದೂರು ಕೊಟ್ಟಿದ್ದೇವೆ, ನಾಳೆ ಬರುತ್ತಾರೆ ಎಂದೆ. ನಿನ್ನ ಮೊಬೈಲಿನಿಂದ ಹಚ್ಚಿ ಕೊಡು ಎಂದರೆ ಅವರ ಫೋನು ಹತ್ತುತ್ತಿಲ್ಲ ಎಂದೆ. ಮಾವನವರು ದಿನಾ ಹತ್ತಕ್ಕೆ ಫೋನಿನ ಪಕ್ಕದ ಕುರ್ಚಿಯಲ್ಲಿ ಬಂದು ಕೂರುತ್ತಿದ್ದರು. ರಿಸೀವರ್ ಎತ್ತಿ ಕಿವಿಗೆ ಹಿಡಿದು, ಸುಮ್ಮನೆ ಇಟ್ಟುಬಿಡುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆಂದು ಕೇಳಿಕೊಳ್ಳುವ ಧೈರ್ಯ ಇರಲಿಲ್ಲವಾದ್ದರಿಂದ ಪಾತ್ರೆಗಳ ಮೇಲೆ ತೀರಿಸಿಕೊಂಡೆ. ಆರನೆಯ ದಿನ ಅವರು ನನ್ನ ದಾರಿ ಕಾಯುವುದು ಬಿಟ್ಟು, ಹಾಲು ಹಾಕುವ ಹೆಂಗಸು ಗಂಗಾಳ ಮೂಲಕ ತಾವೇ ದುರಗಪ್ಪನಿಗೆ ಹೇಳಿ ಕಳಿಸಿದ್ದರು. ಅದು ನನಗೆ ಗೊತ್ತಾದದ್ದು ಮರುದಿನ ಒಂಬತ್ತು ಗಂಟೆಗೆ, ಬಾಗಿಲಲ್ಲಿ ಅವರ ಮೊಪೆಡ್ ನಿಂತಾಗ.

ಈ ದುರಗಪ್ಪ ಯಾರೆಂದು ಬ್ಯಾಡಗಿಯವರಿಗೆ ಹೇಳಬೇಕಾಗಿಲ್ಲ. ಹೊರಗಿನವರಿಗಾಗಿ ಹೇಳುತ್ತೇನೆ. ಹಾವೇರಿ ಹತ್ತಿರದ ಅಗಡಿಯವರು. ಹತ್ತೊಂಬತ್ತನೆಯ ವಯಸ್ಸಿಗೆ ಟೆಲಿಫೋನ್ ಕೇಬಲ್ಲಿಗೆ ಗುಂಡಿ ತೋಡುವ ದಿನಗೂಲಿಯಾಗಿ ನಮ್ಮ ಊರಿಗೆ ಬಂದರು. ಗುಂಡಿ ತೋಡಿದ ಮೇಲೆ ಉಳಿದವರು ನೆರಳಿಗೆ ಹೋಗಿ ಕೂತರೆ ಇವರು ಗುಂಡಿಯ ಅಂಚಿನಲ್ಲೇ ಕುಕ್ಕರುಗಾಲಿನಲ್ಲಿ ಕೂತು, ಮೇಸ್ತ್ರಿ ಬಣ್ಣಬಣ್ಣದ ತಂತಿಗಳನ್ನು ಹೇಗೆ ಜೋಡಿಸುತ್ತಾನೆಂದು ನೋಡುತ್ತಿದ್ದರಂತೆ. ಓದಿದ್ದು ಏಳನೆಯ ಇಯತ್ತೆ. ಕೆಲಸ ಕಾಯಂ ಆಗಲು ಒಂಬತ್ತು ವರ್ಷ ಹಿಡಿಯಿತು. ಆ ಹೊತ್ತಿಗೆ ಈ ಊರಿನ ಯಾವ ಕಂಬದಿಂದ ಯಾವ ಮನೆಗೆ ಯಾವ ತಂತಿ ಹೋಗಿದೆಯೆಂಬುದು ಅವರಿಗೆ ಬಾಯಿಪಾಠವಾಗಿತ್ತು. ಕಾಗದದ ಮೇಲಿದ್ದ ನಕ್ಷೆಯನ್ನು ಗೆದ್ದಲು ತಿಂದಾಗ ಕಚೇರಿಯವರು ಇವರನ್ನು ಕೂರಿಸಿಕೊಂಡು ಹೊಸದನ್ನು ಬರೆಸಿದರು.

ಅವರ ಕೆಲಸದ ರೀತಿ ವಿಚಿತ್ರ. ಫೋನು ಕೆಟ್ಟಿದೆ ಎಂದರೆ ಫೋನನ್ನು ನೋಡುವುದೇ ಇಲ್ಲ. ಮೊದಲು ಎರಡು ಪ್ರಶ್ನೆ: ಯಾವಾಗಿನಿಂದ, ಅದಕ್ಕೂ ಮುಂಚೆ ಮನೆಯಲ್ಲಿ ಏನು ನಡೆದಿತ್ತು? ಸುಣ್ಣ ಹಚ್ಚಿದ್ದು, ಮೊಳೆ ಹೊಡೆದದ್ದು, ಮೆಣಸಿನಕಾಯಿ ಚೀಲ ಗೋಡೆಗೆ ಒಟ್ಟಿದ್ದು, ಎಲ್ಲ ಕೇಳುತ್ತಾರೆ. ಆಮೇಲೆ ಹೊರಗೆ ಹೋಗಿ, ಕಂಬದ ತಂತಿ ಮನೆಯ ಗೋಡೆಗೆ ಬಂದು ಸೇರುವ ಜಾಗದಲ್ಲಿ ಮನೆಯನ್ನು ಪೂರ್ತಿ ಬಿಡಿಸಿಬಿಡುತ್ತಾರೆ. ಹೊರಗಿನ ತಂತಿಗೆ ತಮ್ಮ ಟೆಸ್ಟ್ ಫೋನಿನ ಎರಡು ಕ್ಲಿಪ್ಪು ಕಚ್ಚಿಸಿ ಕೇಳುತ್ತಾರೆ. ಅಲ್ಲಿ ಸದ್ದಿದ್ದರೆ ಕೆಟ್ಟದ್ದು ಮನೆಯೊಳಗೆ, ಇಲ್ಲದಿದ್ದರೆ ಹೊರಗೆ. ಹೊರಗಿನದಾದರೆ ಮಳೆಯೋ ಬಿಸಿಲೋ, ಕಂಬದಿಂದ ಕಂಬಕ್ಕೆ ನಡೆದು ಹುಡುಕುವುದೇ. ಒಮ್ಮೆ ಮೋಟೆಬೆನ್ನೂರಿನ ಕಡೆಗೆ ಒಂದೇ ಒಂದು ಮನೆಯ ಫೋನಿಗಾಗಿ ಎರಡು ದಿನ ನಡೆದರು. ಹೆಂಡತಿ ಶೇಖವ್ವ ಬುತ್ತಿಯನ್ನು ಕಂಬದ ಬುಡಕ್ಕೇ ತಂದುಕೊಟ್ಟು, ಹಾಸಿಗೆಯನ್ನೂ ಇಲ್ಲೇ ತರಲೇನು ಎಂದು ಕೇಳಿದ್ದಳಂತೆ.

ಕಂಬದ ಮೇಲೆ ತಂತಿಗೆ ಕ್ಲಿಪ್ಪು ಹಾಕಿದಾಗ ಯಾರದೋ ಮಾತು ಕಿವಿಗೆ ಬೀಳುವುದುಂಟು. ದುರಗಪ್ಪ ಜೋರಾಗಿ ಕೆಮ್ಮಿ, ಲೈನ್‌ಮನ್ ಎಂದು ಹೇಳಿ ಕ್ಲಿಪ್ಪು ತೆಗೆದುಬಿಡುತ್ತಿದ್ದರು. ಮೂವತ್ತು ವರ್ಷದಲ್ಲಿ ಈ ಊರಿನ ಎಷ್ಟು ನಿಶ್ಚಿತಾರ್ಥ, ಎಷ್ಟು ಜಗಳ, ಎಷ್ಟು ವ್ಯಾಪಾರದ ಗುಟ್ಟು ಅವರ ಕಿವಿಯ ಹತ್ತಿರ ಸುಳಿದಿರಬೇಡ. ಒಂದು ಮಾತೂ ಹೊರಗೆ ಬಂದದ್ದನ್ನು ನಾನು ಕೇಳಿಲ್ಲ. ಸುದ್ದಿಗಾಗಿ ಕಿವಿ ನಿಮಿರಿಸಿಕೊಂಡೇ ಇರುವ ನನ್ನಂಥವಳೇ ಕೇಳಿಲ್ಲ ಎಂದರೆ ನಂಬಬಹುದು.

ಅವರದು ಇನ್ನೊಂದು ಪದ್ಧತಿ. ಕೆಲಸ ಮುಗಿದ ಮೇಲೆ ಮನೆಯ ಹಿರಿಯರನ್ನು ಕರೆದು, ಎಲ್ಲಿ ಏನು ಕೆಟ್ಟಿತ್ತೆಂದು ಹೇಳಿ, ಕೆಟ್ಟ ತುಂಡನ್ನು ಅವರ ಅಂಗೈಗೆ ಇಡುತ್ತಾರೆ. ಇಲಿ ಕಡಿದ ತಂತಿ, ತುಕ್ಕು ಹಿಡಿದ ಸ್ಕ್ರೂ, ಒಮ್ಮೆ ಡಬ್ಬಿಯಲ್ಲಿ ಒಣಗಿಹೋಗಿದ್ದ ಹಲ್ಲಿ. ಕಚೇರಿಯ ಸಾಹೇಬರೊಬ್ಬರ ಮನೆಯಲ್ಲಿ ಮೊಮ್ಮಗು ರಿಸೀವರನ್ನು ಹಾಸಿಗೆಯ ಕೆಳಗೆ ತಳ್ಳಿತ್ತು. ಹೊರಗಿನ ದೋಷ ಎಂದು ಬರೆದುಕೋ, ಸುಮ್ಮನೆ ಮುಜುಗರ ಎಂದು ಅವರು ಎಷ್ಟು ಹೇಳಿದರೂ ದುರಗಪ್ಪ ಒಪ್ಪಲಿಲ್ಲ. ಲೈನಿನ ವಿಷಯದಲ್ಲಿ ಒಂದು ಸುಳ್ಳು ಬರೆದರೆ ಮುಂದೆ ಬರುವವನು ಇಲ್ಲದ ದೋಷವನ್ನು ಕಂಬದ ಮೇಲೆ ಹುಡುಕುತ್ತಾನೆ ಎನ್ನುವುದು ಅವರ ಲೆಕ್ಕ. ಈಗ ಅವರಿಗೆ ಅರವತ್ತೊಂದು. ನೌಕರಿ ಮುಗಿದಿದೆ. ಊರಿನಲ್ಲಿ ಉಳಿದಿರುವ ಅರವತ್ತೋ ಎಪ್ಪತ್ತೋ ಹಳೆಯ ಫೋನುಗಳಿಗೆ ಇವರೇ ದಿಕ್ಕೆಂದು ಗುತ್ತಿಗೆಯವರು ಮತ್ತೆ ಕರೆದುಕೊಂಡಿದ್ದಾರೆ. ಊರಲ್ಲಿ ಎಲ್ಲರೂ ಅವರನ್ನು ದುರಗ್ಯಾ ಎಂದೇ ಕರೆಯುತ್ತಾರೆ. ನಾನೂ ದುರಗಪ್ಪ ಬಾ, ದುರಗಪ್ಪ ಹೋಗು ಎನ್ನುತ್ತಿದ್ದವಳೇ.

ಅಂದು ಬಂದವರು ಮಾವನವರ ಎದುರಿಗೆ ಕೂತು ತಮ್ಮ ಎರಡು ಪ್ರಶ್ನೆ ಕೇಳಿದರು. ಮಾವನವರು ಆರು ದಿನದ ಲೆಕ್ಕ ಕೊಟ್ಟರು. ದೂರು ಕೊಟ್ಟಿದ್ದೇವೆ ಎಂದು ಸೊಸೆ ಹೇಳಿದ್ದಾಳೆ ಎಂದಾಗ ದುರಗಪ್ಪ ನನ್ನ ಮುಖ ನೋಡಿದರು. ಎದ್ದು ಹೊರಗೆ ಹೋಗಿ ಗೋಡೆಯ ಹತ್ತಿರ ಕ್ಲಿಪ್ಪು ಹಚ್ಚಿದರು. ಅಲ್ಲಿ ಸದ್ದಿತ್ತು. ಒಳಗೆ ಬಂದು, ತಂತಿಯ ಜಾಡು ಹಿಡಿದು, ಬಾಗಿಲ ಚೌಕಟ್ಟಿನ ಮೇಲಿಂದ, ದೇವರ ಕೋಣೆಯ ಪಕ್ಕದಿಂದ, ಬೆರಳಿನಿಂದ ಸವರುತ್ತ ಕಪಾಟಿನವರೆಗೆ ಬಂದರು. ನಾನು ಹಿಂದೆ ಹಿಂದೆಯೇ ಹೋದೆ. ಕಾಪಿ ಹೊಡೆದ ಹುಡುಗರು ಪರೀಕ್ಷಾ ಕೋಣೆಯಲ್ಲಿ ಹೇಗಿರುತ್ತಾರೆಂದು ನನಗೆ ಆವತ್ತು ತಿಳಿಯಿತು. ಡಬ್ಬಿಯ ಮುಚ್ಚಳ ತೆಗೆದವರು ನನ್ನ ಟೇಪಿನ ಕೆಲಸವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬಹಳ ಮೆಲ್ಲಗೆ ಹೇಳಿದರು.

“ಅಕ್ಕೋರ, ಇಲಿ ಟೇಪ್ ಸುತ್ತಂಗಿಲ್ರಿ.”

ನನಗೆ ಸಿಟ್ಟೇ ಬಂತು. ಸಿಕ್ಕಿಬಿದ್ದಾಗ ನನಗೆ ಬರುವುದು ಅದೊಂದೇ. ಮಾವನವರಿಗೆ ಕೇಳಿಸದಂತೆ ಪಿಸುಮಾತಿನಲ್ಲೇ ಎಲ್ಲವನ್ನೂ ಸುರಿದೆ. ಸ್ಟೆಂಟು, ಡಾಕ್ಟರು, ಹನೀಫ್ ಸಾಹೇಬರು, ಸಕೀನಾಬಿ. ಮನೆಯೊಳಗಿನ ಸಂಕಟ ಲೈನ್‌ಮನ್‌ಗಳಿಗೆ ಅರ್ಥವಾಗುವುದಿಲ್ಲ, ತಂತಿ ಹೊರಗೇ ಎಲ್ಲೋ ಕೆಟ್ಟಿದೆ, ಎಂಟು ದಿನ ಬೇಕು ಎಂದು ಹೇಳಿ ಹೋಗಿಬಿಡು ಎಂದು ಗದರಿದೆ. ಅವರು ನನ್ನ ಮಾತು ಮುಗಿಯುವವರೆಗೂ ತಲೆ ತಗ್ಗಿಸಿ ಕೇಳಿದರು. ಗದರಿದ್ದಕ್ಕೆ ಬೇಸರಪಟ್ಟಂತೆ ಕಾಣಲಿಲ್ಲ. ಹನೀಫ್ ಸಾಹೇಬರು ಇನ್ನೂ ದಿನಾ ಫೋನು ಹಚ್ಚುತ್ತಾರೇನು ಎಂದು ಮಾತ್ರ ಕೇಳಿದರು. ಹತ್ತು ಗಂಟೆಗೆ ಸಕೀನಾಬಿ ಹಚ್ಚಿ ಕಿವಿಗೆ ಹಿಡಿಯಲೇಬೇಕಂತೆ, ಇಲ್ಲದಿದ್ದರೆ ನೀರು ಸಹ ಮುಟ್ಟುವುದಿಲ್ಲವಂತೆ ಎಂದೆ. ದುರಗಪ್ಪ ಮುಖವೆತ್ತಿದರು.

“ನೀವು ಈ ತಂತಿ ಬಿಚ್ಚಿದ್ರ ನಿಮ್ಮ ಮನ್ಯಾಗಿನ ಸಪ್ಪಳ ಅಷ್ಟ ನಿಲ್ಲತೈತ್ರಿ. ಅತ್ತಾಗ ಹಚ್ಚಿದವರಿಗೆ ರಿಂಗ್ ಕೇಳ್ಕೋತನ ಇರತೈತಿ. ಆರು ದಿನದಿಂದ ಅವರಿಗೆ ರಿಂಗ್ ಕೇಳೈತಿ, ಎತ್ತಾವ್ರು ಯಾರೂ ಇಲ್ಲ.”

ಮೂವತ್ತು ವರ್ಷ ಮಂಡಲದ ಪಾಠ ಮಾಡಿದವಳಿಗೆ ಇದು ಹೊಳೆದಿರಲಿಲ್ಲ. ತಂತಿ ಬಿಚ್ಚಿದರೆ ಬಾಗಿಲು ಹಾಕಿದ ಹಾಗೆ, ಎರಡೂ ಕಡೆ ಸದ್ದಡಗುತ್ತದೆ ಎಂದುಕೊಂಡಿದ್ದೆ. ರಾಣೆಬೆನ್ನೂರಿನಲ್ಲಿ ಸಾಯುತ್ತಿರುವ ಮನುಷ್ಯನೊಬ್ಬ, ಎದೆಗೆ ಸ್ಟೆಂಟು ಹಾಕಿಸಿಕೊಂಡ ಗೆಳೆಯನ ಮನೆಗೆ ಫೋನು ಹಚ್ಚಿ, ಯಾರೂ ಎತ್ತದ ರಿಂಗನ್ನು ದಿನಾ ಕೇಳುತ್ತ ಮಲಗಿದ್ದ. ಫೋನು ಕೆಟ್ಟಿದೆಯಂತೆ ಎಂದು ಸಕೀನಾಬಿ ಹೇಳಿದ್ದರೂ, ರಿಂಗ್ ಆಗುತ್ತಿರುವ ಫೋನು ಕೆಟ್ಟಿದೆ ಎಂದರೆ ಯಾರು ನಂಬುತ್ತಾರೆ? ಅವರು ಏನು ತಿಳಿದುಕೊಂಡಿರಬಹುದು ಎಂದು ಯೋಚಿಸಲು ನನಗೆ ಹೆದರಿಕೆಯಾಯಿತು.

ದುರಗಪ್ಪ ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ನನ್ನ ಕೈಗೆ ಕೊಟ್ಟರು. “ನೀವ ಬಿಚ್ಚೀರಿ, ನೀವ ಹಚ್ರಿ. ಸಾವ್ಕಾರ್ರಿಗೆ ಹೇಳೋದೂ ನಿಮ್ಮ ಕೆಲಸ. ಅವರು ನನ್ನ ಕೇಳಿದ್ರ ಸುಳ್ಳ ಹೇಳಾಕ ನನಗ ಆಗಂಗಿಲ್ರಿ.” ಇಷ್ಟು ಹೇಳಿ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು. ಬೇರೆ ಯಾರೇ ಆಗಿದ್ದರೂ ಒಂದೋ ನನ್ನ ಮಾನ ಹರಾಜು ಹಾಕುತ್ತಿದ್ದರು, ಇಲ್ಲವೇ ಸಾಹುಕಾರರ ಸೊಸೆ ಎಂದು ನನ್ನ ಸುಳ್ಳಿಗೆ ತಲೆಯಾಡಿಸಿ ಹೋಗುತ್ತಿದ್ದರು. ಅವರು ಎರಡನ್ನೂ ಮಾಡಲಿಲ್ಲ. ಆ ಕ್ಷಣದಿಂದ ನನ್ನ ಬಾಯಲ್ಲಿ ಅವರು ದುರಗಪ್ಪನವರೇ.

ಟೇಪು ಕಿತ್ತು, ತಂತಿ ಸಿಕ್ಕಿಸಿ, ಸ್ಕ್ರೂ ಬಿಗಿದೆ. ಬಿಚ್ಚಲು ನಾಲ್ಕು ನಿಮಿಷ ಹಿಡಿದಿದ್ದರೆ ಹಚ್ಚಲು ಹತ್ತು ನಿಮಿಷ ಹಿಡಿಯಿತು. ಆಮೇಲೆ ಮಾವನವರ ಕಾಲ ಬಳಿ ನೆಲದ ಮೇಲೆ ಕೂತು, ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ, ಎಲ್ಲವನ್ನೂ ಹೇಳಿದೆ. ಹನೀಫ್ ಸಾಹೇಬರ ಸ್ಥಿತಿ ಹೇಳಿದೆ, ತಂತಿ ಬಿಚ್ಚಿದವಳು ನಾನೇ ಎಂದೂ ಹೇಳಿದೆ. ಅವರ ಕೈ ಎದೆಗೆ ಹೋಗುತ್ತದೇನೋ ಎಂದು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಅವರು, ಈಗ ಎಷ್ಟು ಹೊತ್ತು ಎಂದು ಕೇಳಿದರು. ಹತ್ತಕ್ಕೆ ಐದು ನಿಮಿಷವಿತ್ತು. ಕುರ್ಚಿಯನ್ನು ಫೋನಿನ ಹತ್ತಿರ ಎಳೆದುಕೊಂಡು ಕೂತರು.

ಹತ್ತಾಯಿತು. ಹತ್ತು ಮೀರಿ ಏಳು ನಿಮಿಷವೂ ಆಯಿತು. ಆರು ದಿನ ಕಾದವರು ಏಳನೆಯ ದಿನ ಬಿಟ್ಟೇಬಿಟ್ಟರೇನೋ, ಅಥವಾ ಬಿಡಬೇಕಾಗಿ ಬಂತೇನೋ ಎಂದು ನನ್ನ ಜೀವ ಹಾರಿತು. ಆಗ ಫೋನು ರಿಂಗಾಯಿತು. ಮಾವನವರು ರಿಸೀವರ್ ಎತ್ತಿ, ಹನೀಫಾ ಎಂದರು. ಕಿವಿ ಮಂದವಾದವರ ಫೋನು, ಸದ್ದು ಪೂರ್ತಿ ಏರಿಸಿಟ್ಟದ್ದು, ಅತ್ತ ಕಡೆಯ ಮಾತು ನನಗೂ ಕೇಳುತ್ತಿತ್ತು. ಬಹಳ ಹೊತ್ತು ಬರೀ ಉಸಿರು. ಆಮೇಲೆ ಆ ಇಳಿದ ಧ್ವನಿ.

“ಪ್ರಭು... ಖರೇ ನೀನ ಏನೋ? ನೀ ಹೋಗಿಬಿಟ್ಟಿ ಅಂತ ತಿಳಿದಿದ್ದೆ. ಫೋನ್ ಕೆಟ್ಟೈತಿ ಅಂತ ಎಲ್ಲಾರೂ ಕೂಡಿ ನನಗ ಸುಳ್ಳ ಹೇಳಾಕತ್ತಾರ ಅಂತ ತಿಳಿದಿದ್ದೆ. ಆರು ದಿನಾ ಅತ್ತೇನಿ.”

ಮಾವನವರು ನನ್ನ ಕಡೆ ನೋಡಿದರು. ಆ ನೋಟವನ್ನು ನಾನು ಎದುರಿಸಲಾರದೆ ನೆಲ ನೋಡಿದೆ. “ಹುಡುಗ್ರು ನನ್ನ ಎದಿಗೆ ಅಂಜಿದ್ರೋ,” ಎಂದರು. “ನಾ ಗಟ್ಟಿ ಅದೇನಿ. ಕಡ್ಡಿ ಕಾಯಿ ದರ ಕೇಳಿದಿಯೇನು?” ಇಬ್ಬರೂ ದರದ ಮಾತಿಗಿಳಿದರು. ಹನೀಫ್ ಸಾಹೇಬರು ನಡುನಡುವೆ ದಣಿದು ನಿಲ್ಲಿಸುತ್ತಿದ್ದರು, ಇವರು ಕಾಯುತ್ತಿದ್ದರು. ನಾನು ಅಡುಗೆಮನೆಗೆ ಹೋಗಿ ಮನಸಾರೆ ಅತ್ತೆ. ಕಣ್ಣೊರೆಸಿಕೊಂಡು ಚಹಾ ಮಾಡಿ ಹೊರಗೆ ತಂದಾಗ ಕಟ್ಟೆ ಖಾಲಿಯಿತ್ತು. ದುರಗಪ್ಪನವರು ಮುಂದಿನ ಮನೆಯ ಫೋನು ನೋಡಲು ಹೋಗಿದ್ದರು.

ಹನೀಫ್ ಸಾಹೇಬರು ಅದಾದ ಮೇಲೆ ಹನ್ನೊಂದು ದಿನ ಇದ್ದರು. ಹನ್ನೊಂದು ದಿನವೂ ಹತ್ತಕ್ಕೆ ಫೋನು ಬಂತು. ಐದನೆಯ ದಿನ ಡಾಕ್ಟರ ಒಪ್ಪಿಗೆ ಪಡೆದು ಮಾವನವರನ್ನು ಕಾರಿನಲ್ಲಿ ನಿಧಾನವಾಗಿ ರಾಣೆಬೆನ್ನೂರಿಗೆ ಕರೆದೊಯ್ದೆವು. ಇಬ್ಬರೂ ಎರಡು ತಾಸು ಕೈ ಹಿಡಿದುಕೊಂಡು ಕೂತಿದ್ದರು, ಎದುರು ಬದುರಾಗಿ ಮಾತು ಅಷ್ಟೇನೂ ಆಗಲಿಲ್ಲ. ಫೋನಿನಲ್ಲೇ ಅವರಿಗೆ ಮಾತು ಸಲೀಸು.

ಹನ್ನೆರಡನೆಯ ದಿನ ಹತ್ತಕ್ಕೆ ಫೋನು ರಿಂಗಾಗಲಿಲ್ಲ. ಹತ್ತೂವರೆಗೆ ಮಾವನವರು ರಾಣೆಬೆನ್ನೂರಿನ ನಂಬರು ತಿರುಗಿಸಿದರು, ಯಾರೂ ಎತ್ತಲಿಲ್ಲ. ನನ್ನ ಮೊಬೈಲಿಗೂ ಸಕೀನಾಬಿ ಸಿಗಲಿಲ್ಲ. ಮಾವನವರು ಫೋನನ್ನೇ ನೋಡುತ್ತ ಕೂತರು. ಲೈನು ಮತ್ತೆ ಕೆಟ್ಟಿರಬೇಕು, ದುರಗಪ್ಪನಿಗೆ ಹೇಳು ಎಂದರು. ಕೆಟ್ಟಿರಲಿ ಎಂದು ನಾನೂ ಬೇಡಿಕೊಂಡೆ. ಜೀವನದಲ್ಲಿ ಒಂದು ಯಂತ್ರ ಕೆಟ್ಟಿರಲಿ ದೇವರೇ ಎಂದು ಬೇಡಿಕೊಂಡದ್ದು ಅದೊಂದೇ ಸಲ.

ದುರಗಪ್ಪನವರು ಹತ್ತು ನಿಮಿಷದಲ್ಲಿ ಬಂದರು. ವಿಷಯ ಕೇಳಿದ ಕೂಡಲೇ ಅವರಿಗೆ ಅರ್ಥವಾಯಿತೆಂದು ಮುಖ ನೋಡಿಯೇ ನನಗೆ ತಿಳಿಯಿತು. ನೋಡೋಣ, ಕಂಬದಲ್ಲಿ ಏನಾಗಿದೆಯೋ ಎಂದು ಒಂದು ಮಾತು ಹೇಳಿ ಹೊರಗೆ ನಡೆದಿದ್ದರೆ ಸಂಜೆಯವರೆಗೆ ದಾಟುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಗೋಡೆಯ ಹತ್ತಿರ ಕ್ಲಿಪ್ಪು ಹಚ್ಚಿ ನೋಡಿ ಬಂದರು, ಕಪಾಟಿನ ಹಿಂದಿನ ಡಬ್ಬಿ ನೋಡಿದರು. ಆಮೇಲೆ ಮಾವನವರ ಎದುರಿಗೆ ಬಂದು, ತಲೆಗೆ ಸುತ್ತಿದ್ದ ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡು, ತಮ್ಮ ಮೊಬೈಲಿನಿಂದ ನಮ್ಮ ಮನೆಯ ನಂಬರು ಒತ್ತಿದರು. ಫೋನು ಗಟ್ಟಿಯಾಗಿ ರಿಂಗಾಯಿತು. ಮಾವನವರು ರಿಸೀವರ್ ಎತ್ತಿ ಕಿವಿಗೆ ಹಿಡಿದರು. ಮೂರು ಮೊಳದ ಅಂತರದಲ್ಲಿ ನಿಂತ ದುರಗಪ್ಪನವರು ಮೊಬೈಲಿನಲ್ಲಿ ಹೇಳಿದರು.

“ಲೈನ್ ಚಲೋ ಐತ್ರಿ, ಸಾವ್ಕಾರ್ರ.”

ಮಾವನವರು ರಿಸೀವರನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದರು. ಆಮೇಲೆ ಜಾಗಕ್ಕೆ ಇಟ್ಟು, ಕುರ್ಚಿಯ ಕೈ ಹಿಡಿದು ಎದ್ದು ನಿಂತರು. ದುರಗಪ್ಪನವರು ಚೀಲ ಕೆಳಗಿಟ್ಟು ಅವರ ತೋಳಿಗೆ ಕೈ ಕೊಟ್ಟರು.

“ಸುಚಿತ್ರಾ, ಗಾಡಿ ತರಿಸವಾ,” ಎಂದರು ಮಾವನವರು ನನ್ನ ಕಡೆ ತಿರುಗಿ. “ಹನೀಫನ ಮಣ್ಣಿಗೆ ಹೋಗಬೇಕು.”